ಅಕ್ಕನ ರೆಪ್ಪೆ, ಮಾವನ ಮುಖ

ನಮ್ಮ ಮನೆಯಲ್ಲಿ ಈ ಕಥೆಗೆ ಈಗ ಒಂದು ರೂಪ ಗಟ್ಟಿಯಾಗಿಬಿಟ್ಟಿದೆ. ಸೇಡಂನ ದೊಡ್ಡಮ್ಮ ಅದನ್ನು ಹೇಳುವುದು ಹೀಗೆ: "ಹುಡುಗಿ ತುಟ್ಟಿ ಲೆನ್ಸ್ ತಂದ್ಳು. ಅದು ಸೋದರಮಾವನ ಮಾರೀನೇ ನುಂಗಿಬಿಡ್ತು. ಸಸ್ತಾದ್ದು ಹಾಕಿದ್ರ ಎಲ್ಲಾರೂ ಛಂದ ಬೀಳ್ತಿದ್ರು." ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಾರೆ, ಚಹಾ ಬರುತ್ತದೆ, ತೀರ್ಪು ಆಗಿಹೋಗುತ್ತದೆ.

ನಾನು ಒಪ್ಪುವುದಿಲ್ಲ. ಪದವಿಯ ಮೂರು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಬೆಳಗ್ಗೆ ಪರವಾಗಿ, ಮಧ್ಯಾಹ್ನ ವಿರುದ್ಧವಾಗಿ ಮಾತಾಡಿದವಳು ನಾನು. ಯಾರಾದರೂ ಒಂದು ವಾಕ್ಯ ಹೇಳಿದರೆ ಅದರಲ್ಲಿ ಎಷ್ಟು ಸುಳ್ಳು ಅಡಗಿದೆ ಎಂದು ಹುಡುಕುವುದು ಚಟವಾಗಿದೆ. ಮೊದಲನೆಯದಾಗಿ, ಆ ಲೆನ್ಸು ನಾನು ಕೊಂಡದ್ದಲ್ಲ, ಪರೀಕ್ಷಿಸಲು ತಂದದ್ದು. ಎರಡನೆಯದಾಗಿ, ಲೆನ್ಸು ಯಾರ ಮುಖವನ್ನೂ ನುಂಗುವುದಿಲ್ಲ. ಅದರ ಕಣ್ಣು ಎಷ್ಟು ತೆರೆಯಬೇಕು ಎಂದು ನಿರ್ಧರಿಸುವುದು ಕ್ಯಾಮೆರಾ ಹಿಡಿದವರ ಬೆರಳು. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ವಾದ ನನ್ನತ್ತಲೇ ಬೆರಳು ತೋರಿಸತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ ಚಹಾ ಕುಡಿಯುತ್ತೇನೆ.

ನನ್ನ ಮಿರರ್‌ಲೆಸ್ ಕ್ಯಾಮೆರಾ ಹಳೆಯದು, ಇನ್ನೊಬ್ಬರ ಕೈಯಿಂದ ಬಂದದ್ದು. ಶನಿವಾರ, ಭಾನುವಾರ ಮದುವೆಗಳಿಗೆ ಹೋಗುತ್ತೇನೆ. ಮುಖಗಳನ್ನು ತೆಗೆಯಲು ಒಂದು ಒಳ್ಳೆಯ ಪ್ರೈಮ್ ಲೆನ್ಸು ಬೇಕಿತ್ತು. ಪ್ರೈಮ್ ಅಂದರೆ ಜೂಮ್ ಇಲ್ಲದ್ದು; ಹತ್ತಿರದಿಂದ ಬೇಕೆಂದರೆ ನಾವೇ ನಡೆದು ಹೋಗಬೇಕು. ವಾಡಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಸ್ಟುಡಿಯೋ ಇಟ್ಟಿರುವ, ನಾನು ಅಣ್ಣಾ ಎಂದು ಕರೆಯುವ ಫೋಟೋಗ್ರಾಫರನ ಬಳಿ ಅಂಥವು ಎರಡಿದ್ದವು. ಎರಡೂ ಎಂಬತ್ತೈದು ಎಂಎಂ. ಒಂದರ ಕಣ್ಣು ಒಂದು ಪಾಯಿಂಟ್ ಎಂಟರವರೆಗೆ ತೆರೆಯುತ್ತದೆ, ಇನ್ನೊಂದರದ್ದು ಒಂದು ಪಾಯಿಂಟ್ ಎರಡರವರೆಗೆ. ಸಂಖ್ಯೆ ಇಳಿದಷ್ಟೂ ಕಣ್ಣು ಅಗಲ, ಬೆಳಕು ಹೆಚ್ಚು. ಆದರೆ ಸ್ಪಷ್ಟವಾಗಿ ಬೀಳುವ ಜಾಗ ತೆಳ್ಳಗೆ, ಅದರ ಹಿಂದಿನದೆಲ್ಲ ಮಂಜು. ಇಷ್ಟೇ ವ್ಯತ್ಯಾಸಕ್ಕೆ ಎರಡನೆಯದರ ಬೆಲೆ ಮೊದಲನೆಯದರ ಹಲವು ಪಟ್ಟು.

"ಎರಡೂ ಒಯ್ಯಿ ತಂಗಿ," ಎಂದ ಅಣ್ಣ. "ಹತ್ತ ದಿನ ಇಟ್ಕೋ. ಒಂದ್ ಇಟ್ಕೊಂಡು ಒಂದ್ ವಾಪಸ್ ಕೊಡು."

"ಫರಕ್ ಏನದ ಅಣ್ಣಾ? ಖರೆ ಹೇಳ್ರಿ."

"ಫರಕ್ ಇಲ್ದಿದ್ರ ರೇಟಿನಾಗ ಇಷ್ಟ್ ಫರಕ್ ಯಾಕ ಇರ್ತಿತ್ತು?"

"ಇದು ಉತ್ತರ ಅಲ್ಲ. ಸಾಬೀತ್ ಮಾಡಬೇಕಾದ್ದನ್ನೇ ಸಾಕ್ಷಿ ಅಂತ ನಿಲ್ಲಿಸ್ಲಕತ್ತೀರಿ."

ಪಾಸ್‌ಪೋರ್ಟ್ ಫೋಟೋಗೆ ಬಂದು ಕೂತಿದ್ದ ಗಿರಾಕಿಯೊಬ್ಬ, "ಇಕಿಗಿ ಲೆನ್ಸ್ ಬ್ಯಾಡ್ರಿ, ಕರೀ ಕೋಟ್ ಕೊಡ್ರಿ," ಎಂದ.

ಅಣ್ಣ ನಗಲಿಲ್ಲ. ದುಬಾರಿ ಲೆನ್ಸಿನ ಹಿಂಬದಿ ತಿರುಗಿಸಿ ಅಂಚಿನ ರಬ್ಬರ್ ಬಳೆ ತೋರಿಸಿದ. "ಧೂಳ್ ಒಳಗ ಹೋಗಂಗಿಲ್ಲ. ಸಿಮೆಂಟ್ ಫ್ಯಾಕ್ಟರಿ ಇರೋ ನಮ್ಮ ವಾಡಿಗೆ ಇದೇ ಬೇಕು."

"ನಿಮ್ಮ ಸಸ್ತಾದ್ದು ಇದೇ ವಾಡ್ಯಾಗ ಇಷ್ಟ್ ವರ್ಷ ನಡದದ ಅಲ್ರಿ?"

"ಅದರಾಗ ಸಿಮೆಂಟ್ ತುಂಬಿ ಗಟ್ಟಿ ಆಗ್ಯದ ಬಿಡು."

ಎರಡನ್ನೂ ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಚಿತ್ತಾಪುರಕ್ಕೆ, ಮನೆಗೆ ಬಂದೆ. ಮೊದಲ ಮೂರು ದಿನ ನ್ಯಾಯವಾದ ಪರೀಕ್ಷೆ ನಡೆಸಿದೆ. ಮನೆಯವರ ಮುಖಗಳನ್ನು ಎರಡರಲ್ಲೂ ತೆಗೆದು, ಪ್ರಿಂಟ್ ಹಾಕಿಸಿ, ಯಾವುದು ಯಾವುದರದ್ದು ಎಂದು ಹೇಳದೆ ಮುಂದಿಟ್ಟೆ. ಅಪ್ಪ ಬಹಳ ಹೊತ್ತು ನೋಡಿ, "ಇದು ತುಟ್ಟೀದು, ನೋಡಿದ ಕೂಡ್ಲೇ ಗೊತ್ತಾಗ್ತದ," ಎಂದು ಅಗ್ಗದ ಲೆನ್ಸಿನ ಫೋಟೋ ಎತ್ತಿದರು. ಅವ್ವ ಎರಡನ್ನೂ ಪಕ್ಕಕ್ಕೆ ಸರಿಸಿ, "ಎರಡ್ರಾಗೂ ನಾ ದಪ್ಪ ಕಾಣ್ಲಕತ್ತೀನಿ," ಎಂದಳು. ಅಗ್ಗದ್ದೇ ಸಾಕು ಎಂದು ನಾನು ಮುಕ್ಕಾಲು ಪಾಲು ನಿರ್ಧರಿಸಿದ್ದೆ. ನಾಲ್ಕನೆಯ ದಿನ ಶಹಾಬಾದಿನಲ್ಲಿ ಅಕ್ಕನ ಮದುವೆ.

ಇಲ್ಲಿ ನನ್ನ ಸೋದರಮಾವನ ವಿಷಯ ಹೇಳಬೇಕು. ಅವ್ವನಿಗೆ ಒಬ್ಬನೇ ತಮ್ಮ, ಸುಲೇಪೇಟದ ಬಜಾರಿನಲ್ಲಿ ಟೇಲರ್. ಏಳು ವರ್ಷದ ಹಿಂದೆ ನಮ್ಮ ಮನೆಶಾಂತಿಯ, ಅಂದರೆ ಗೃಹಪ್ರವೇಶದ ಪತ್ರಿಕೆಯಲ್ಲಿ, ಬರುವವರನ್ನು ಸ್ವಾಗತಿಸುವವರ ಉದ್ದನೆಯ ಪಟ್ಟಿಯಲ್ಲಿ, ಅವನ ಹೆಸರೊಂದು ಇರಲಿಲ್ಲ. ಪ್ರೆಸ್ಸಿನವರು ಬಿಟ್ಟರು ಎಂದು ಅಪ್ಪ, ಬಿಡಿಸಿದರು ಎಂದು ಮಾವ. ಅಂದಿನಿಂದ ಅವನು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಅಕ್ಕನ ಲಗ್ನಪತ್ರಿಕೆಯಲ್ಲಿ ಅವನ ಹೆಸರನ್ನು ಎಲ್ಲರಿಗಿಂತ ಮೇಲೆ, ದಪ್ಪಕ್ಷರದಲ್ಲಿ ಹಾಕಿಸಿ ಅವ್ವ ತಾನೇ ಹೋಗಿ ಕೊಟ್ಟುಬಂದಳು. ಅವನು ಪತ್ರಿಕೆ ಇಸಕೊಂಡ. ಬರುತ್ತೇನೆ ಅನ್ನಲಿಲ್ಲ.

ನಮ್ಮಲ್ಲಿ ಅಕ್ಕಿಕಾಳು, ಅಂದರೆ ಮುಹೂರ್ತದ ಅಕ್ಷತೆ ಬೀಳುವಾಗ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಮಾವ ಬರುವ ಲಕ್ಷಣ ಕಾಣದೆ, ಅವ್ವನ ದೂರದ ಅಣ್ಣನೊಬ್ಬನಿಗೆ ಕೇಸರಿ ಪೇಟ ಸುತ್ತಿ ಆ ಜಾಗದಲ್ಲಿ ನಿಲ್ಲಿಸಿದರು. ನಾನು ಅಕ್ಕನಿಂದ ನಾಲ್ಕೈದು ಅಡಿ ದೂರದಲ್ಲಿದ್ದೆ. ಕಲ್ಯಾಣ ಮಂಟಪದ ಕಿಟಕಿಗಳಿಗೆಲ್ಲ ಪರದೆ ಬಿಟ್ಟು ಒಳಗೆ ಮಬ್ಬು ಮಾಡಿದ್ದರು. ಕೈಗೆ ದುಬಾರಿ ಲೆನ್ಸು ಸಿಕ್ಕಿತು. ಕಣ್ಣು ಪೂರ್ತಿ ತೆರೆದೆ, ಒಂದು ಪಾಯಿಂಟ್ ಎರಡು. ಹಿಂದೆ ನಿಂತಿರುವುದು ಹೇಗೂ ಬದಲಿ ಮಾವ. ಮಂಜಾದರೆ ಆಗಲಿ, ಚೆಂದವೇ ಎಂದುಕೊಂಡೆ.

ಕ್ಯಾಮೆರಾದ ಫೋಕಸ್ ಅಕ್ಕನ ಕಣ್ಣನ್ನು ಹಿಡಿದುಕೊಂಡಿತು. ನಾನೂ ಬೇರೇನೂ ನೋಡಲಿಲ್ಲ. ಅಷ್ಟರಲ್ಲಿ ಖರೆ ಮಾವ ಬಂದಿದ್ದ. ಬಸ್ಸಿಳಿದು ನೇರ ಬಂದು ಮಂಟಪ ಹತ್ತಿದನಂತೆ. ಬದಲಿ ನಿಂತಿದ್ದವನು ತನ್ನ ತಲೆಯ ಪೇಟ ತೆಗೆದು ಅವನ ತಲೆಗಿಟ್ಟು ಪಕ್ಕಕ್ಕೆ ಸರಿದನಂತೆ. ನನಗೆ ಅಕ್ಕನ ಹಿಂದೆ ಕಂಡದ್ದು ಅದೇ ಕೇಸರಿ, ಅದೇ ಬಿಳಿ ಅಂಗಿ. ಅಕ್ಕಿಕಾಳು ಬಿತ್ತು. ಬೀಗರ ಹೆಂಗಸರನ್ನು ಎದುರುಗೊಳ್ಳುತ್ತಿದ್ದ ಅವ್ವ ಸುದ್ದಿ ಕೇಳಿ ಮಂದಿಯ ನಡುವೆ ದಾರಿ ಮಾಡಿಕೊಂಡು ಬರುವಷ್ಟರಲ್ಲಿ ಅವನು ಇಳಿದು ಹೋಗಿದ್ದ. ತಮ್ಮನ ಬೆನ್ನಷ್ಟೇ ಅವಳಿಗೆ ಕಂಡದ್ದು. ಅವನು ಕೂರಬೇಕಾಗಿದ್ದ ಕುರ್ಚಿಯ ಮೇಲೆ ಆಯೇರದ ಸೀರೆ, ಅವ್ವನಿಗೆ ತವರಿನಿಂದ ಉಡುಗೊರೆಯಾಗಿ ಬರಬೇಕಾದದ್ದು, ಪೇಪರಿನಲ್ಲಿ ಸುತ್ತಿ ಇಟ್ಟಿತ್ತು.

ಮರುದಿನ ಲ್ಯಾಪ್‌ಟಾಪ್ ತೆರೆದಾಗ ಅವ್ವ ಪಕ್ಕದಲ್ಲಿ ಕೂತಳು. ಅಕ್ಕನ ರೆಪ್ಪೆಗಳು ಒಂದೊಂದಾಗಿ ಎಣಿಸುವಂತೆ ಬಂದಿದ್ದವು. ಗಾಳಿಯಲ್ಲೇ ನಿಂತ ಒಂದು ಅಕ್ಕಿಕಾಳು ಅವಳ ಹಣೆಯ ಮುಂದೆ ಮುತ್ತಿನಂತಿತ್ತು. ನಾನು ಬೀಗುತ್ತಿದ್ದೆ.

"ಹಿಂದ ಯಾರು?" ಎಂದಳು ಅವ್ವ.

"ಪೇಟ ಸುತ್ತಿದ್ರಲ್ಲ, ಅವರೇ."

"ಅಲ್ಲ. ಎಡಗಡಿ ಭುಜ ಇಳಿಬಿಟ್ಟು ನಿಂತಾನ ನೋಡು. ನನ್ನ ತಮ್ಮ." ಅವಳು ಪರದೆಯ ಹತ್ತಿರ ಬಾಗಿದಳು. "ನಗ್ಲಕತ್ತಾನೋ, ಅಳ್ಲಕತ್ತಾನೋ? ಸ್ವಲ್ಪ ದೊಡ್ಡದ್ ಮಾಡು."

ದೊಡ್ಡದು ಮಾಡಿದೆ. ದೊಡ್ಡ ಮಂಜಾಯಿತು.

ಅವ್ವನಿಗೆ ಬೇಕಾದದ್ದು ಅಷ್ಟೇ. ಅವನು ಮನಸ್ಸು ತುಂಬಿ ಬಂದನೋ, ಮಂದಿಯ ಬಾಯಿಗೆ ಹೆದರಿ ಬಂದನೋ. ಮುಖ ಒಂದಿದ್ದರೆ ತನಗೆ ಗೊತ್ತಾಗುತ್ತದೆ ಎನ್ನುತ್ತಾಳೆ. ಫೋನ್ ಮಾಡಿ ಕೇಳು ಅಂದರೆ, "ಫೋನ್‌ನಾಗ ಮಾರಿ ಕಾಣ್ತದೇನು?" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ನಾನು ಹನ್ನೊಂದು ಫ್ರೇಮುಗಳಲ್ಲಿ ಹುಡುಕಿದೆ. ವಿಡಿಯೋದವನು ಆ ಕ್ಷಣ ವರನ ಕಡೆ ತಿರುಗಿದ್ದ. ನೆಂಟರ ಮೊಬೈಲುಗಳನ್ನೆಲ್ಲ ಕೇಳಿ ನೋಡಿದೆ; ಒಂದರಲ್ಲಿ ಪೇಟದ ತುದಿ, ಇನ್ನೊಂದರಲ್ಲಿ ಮೊಣಕೈ, ಉಳಿದವುಗಳಲ್ಲಿ ಅಕ್ಕಿ ಎರಚುವ ಕೈಗಳು. ಸಾಕ್ಷಿಗಳನ್ನು ವಿಚಾರಿಸಿದೆ. ಪೇಟ ಬಿಟ್ಟುಕೊಟ್ಟವನು, "ನಕ್ಕಂಗಿತ್ತು," ಎಂದ. ಸೇಡಂನ ದೊಡ್ಡಮ್ಮ, "ಕಣ್ಣಾಗ ನೀರು ಇತ್ತವ್ವ," ಎಂದಳು. ಮಂತ್ರ ಹೇಳಿದವರು, "ಕೆಮ್ಮಿದ್ರು ಅನಸ್ತದ," ಎಂದರು. ಇಂಥ ಸಾಕ್ಷ್ಯ ಹಿಡಿದು ಯಾವ ವಾದ ಗೆಲ್ಲುವುದು?

ಈ ನಡುವೆ ದೊಡ್ಡಮ್ಮನ ಆ ವಾಕ್ಯ ಹುಟ್ಟಿ ಊರೂರು ತಿರುಗತೊಡಗಿತ್ತು. ಅದನ್ನು ಸುಳ್ಳಾಗಿಸಬೇಕೆಂದು ಮಾಳಿಗೆ ಹತ್ತಿದೆ. ಕಲ್ಯಾಣ ಮಂಟಪದಲ್ಲಿ ಹಾಸಿದ್ದು ಎರಡಡಿಯ ಪರಸಿ ಕಲ್ಲು, ನಮ್ಮ ಮಾಳಿಗೆಯಲ್ಲೂ ಅದೇ ಅಳತೆಯದು. ಮೊಣಕೈ ಬಿದ್ದಿದ್ದ ಮೊಬೈಲ್ ಫೋಟೋದ ನೆಲ ನೋಡಿ, ಅಕ್ಕ ನಿಂತ ಕಲ್ಲಿಗೂ ಮಾವ ನಿಂತ ಕಲ್ಲಿಗೂ ಎಷ್ಟು ಅಂತರ ಎಂದು ಲೆಕ್ಕ ಹಾಕಿ, ಅಪ್ಪನನ್ನು ಮುಂದೆ, ಅವ್ವನನ್ನು ಹಿಂದೆ ನಿಲ್ಲಿಸಿದೆ.

"ನಾನು ಮದುಮಗಳೇನು?" ಎಂದರು ಅಪ್ಪ.

"ನಾಚ್ಕೊಂಡು ನಿಲ್ರಿ ಸುಮ್ನ," ಎಂದಳು ಅವ್ವ ಹಿಂದಿನಿಂದ.

ಎರಡೂ ಲೆನ್ಸುಗಳಲ್ಲಿ, ಕಣ್ಣಿನ ಎಲ್ಲ ಅಳತೆಗಳಲ್ಲಿ ತೆಗೆದೆ. ಕಣ್ಣನ್ನು ಚೆನ್ನಾಗಿ ಕಿರಿದು ಮಾಡಿದಾಗ ದುಬಾರಿಯದರಲ್ಲೂ ಅಗ್ಗದ್ದರಲ್ಲೂ ಅವ್ವನ ಮುಖ ಒಂದೇ ರೀತಿ ಬಂತು. ಗೆದ್ದೆ ಎಂದುಕೊಂಡೆ. ತಪ್ಪು ಗಾಜಿನದ್ದಲ್ಲ ಎಂದು ಸಾಬೀತಾಯಿತು. ಆದರೆ ಎರಡನ್ನೂ ಪೂರ್ತಿ ತೆರೆದು ತೆಗೆದವುಗಳನ್ನು ಪಕ್ಕಪಕ್ಕ ಇಟ್ಟಾಗ ದುಬಾರಿಯದರಲ್ಲಿ ಅವ್ವ ಬೆಣ್ಣೆಯಂಥ ಮಂಜು, ಅಗ್ಗದ್ದರಲ್ಲಿ ಮಂಜಾದರೂ ಬಾಯಿಯ ಗೆರೆ ಎತ್ತ ಬಾಗಿದೆ ಎಂದು ಊಹಿಸುವಷ್ಟಿತ್ತು. ಊಹಿಸುವಷ್ಟು ಮಾತ್ರ. ಹಾಗಾದರೆ ದೊಡ್ಡಮ್ಮ ಹೇಳಿದ್ದೇ ಸರಿಯೇ? ಅಥವಾ ನಾನು ಕಣ್ಣು ಕಿರಿದು ಮಾಡದ್ದು ತಪ್ಪೇ? ಮಾಡಬಹುದಿತ್ತು. ಮಬ್ಬು ಬೆಳಕಿಗೆ ಚಿತ್ರ ಸ್ವಲ್ಪ ಕಾಳು ಕಾಳಾಗಿ ಬರುತ್ತಿತ್ತು, ಅಷ್ಟೇ. ಯಾಕೆ ಮಾಡಲಿಲ್ಲ? ಅಷ್ಟು ಬೆಲೆ ತೆರುವುದೇ ಆ ಒಂದು ಪಾಯಿಂಟ್ ಎರಡಕ್ಕಾಗಿ. ಅದನ್ನು ಮುಚ್ಚಿಟ್ಟು ತೆಗೆಯುವುದಾದರೆ ಆ ಲೆನ್ಸು ಯಾಕೆ ಎಂದು ಅನಿಸಿರಬೇಕು. ಹಾಗಿದ್ದರೆ ಬೆಲೆಯೇ ನನ್ನ ಬೆರಳನ್ನು ಹಿಡಿದುಕೊಂಡಿತ್ತೇ? ಆದರೆ ಅಕ್ಕನ ಆ ರೆಪ್ಪೆಗಳು? ಅವನ್ನು ಬಿಟ್ಟುಕೊಡಲು ನನಗೆ ಇವತ್ತಿಗೂ ಮನಸ್ಸಿಲ್ಲ. ಪರವೋ ವಿರುದ್ಧವೋ, ಯಾವ ಕಡೆ ನಿಂತರೂ ಎದುರು ಕಡೆಯ ಮಾತೇ ಖರೆ ಅನಿಸುತ್ತಿತ್ತು.

ಹತ್ತು ದಿನ ಮುಗಿದು ಮತ್ತೆರಡು ದಿನವಾಗಿತ್ತು. ವಾಡಿಯ ಅಣ್ಣ ಫೋನ್ ಮಾಡಿದ. "ತಂಗಿ, ನಿರ್ಣಯ ಆಯ್ತೇನು?"

"ಇನ್ನೂ ವಾದ ನಡದದ ಅಣ್ಣಾ."

"ಯಾರ ಜೋಡಿ?"



ಸೋದರಮಾವನ ಪಾಲಿನ ಫೋಟೋ ಅವನ ಕೈಗೇ ಮುಟ್ಟಿಸಬೇಕು, ಅದು ರೂಢಿ. ಅವ್ವ ಪ್ರಿಂಟನ್ನು ಹೊಸ ಟವೆಲ್ಲಿನ ನಡುವೆ ಇಟ್ಟು ಕೊಟ್ಟಳು. "ಈ ಸಲ ಮಾರಿ ಬರೋ ಹಂಗ ಒಂದ್ ತಕ್ಕೊಂಡ್ ಬಾ," ಎಂದಳು. ಕಾಳಗಿಯಲ್ಲಿ ಬಸ್ ಬದಲಿಸಿ ಸುಲೇಪೇಟಕ್ಕೆ ಹೋದೆ. ಚೀಲದಲ್ಲಿ ಎರಡೂ ಲೆನ್ಸುಗಳಿದ್ದವು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ಮಬ್ಬು ಬೆಳಕು, ಅದೇ ಪೇಟ, ಅದೇ ಬಿಳಿ ಅಂಗಿ.

ಮಾವ ಮಷೀನಿನ ಮುಂದೆ ಕೂತಿದ್ದ. "ಬಾ ಯವ್ವಾ, ಕೂಡು," ಎಂದು ಸ್ಟೂಲಿನ ಮೇಲಿನ ಬಟ್ಟೆ ಸರಿಸಿದ. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ರೆಪ್ಪಿ ಒಂದೊಂದ್ ಎಣಿಸಬಹುದು. ಛಲೋ ತಗದಿ." ಆಮೇಲೆ ಹೆಬ್ಬೆರಳು ಹಿಂದಿನ ಮಂಜಿನ ಮೇಲೆ ಬಂತು. "ಇವ ಯಾರು?"

"ನೀವೇ ಮಾಮಾ."

"ಹೌದೇನು? ಆಗ ಪತ್ರಿಕ್ಯಾಗ ಹೆಸರಿಲ್ಲ, ಈಗ ಫೋಟೋದಾಗ ಮಾರಿ ಇಲ್ಲ. ನಿಮ್ಮ ಮನ್ಯಾಗ ನನಗ ಮರ್ಯಾದಿ ಭಾಳ ನೋಡು."

ನಾನು ಶುರು ಮಾಡಿದೆ. ಲೆನ್ಸಿನ ಕಣ್ಣು, ತೆರೆಯುವುದು, ಮುಚ್ಚುವುದು, ಪೇಟ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಸ್ಪರ್ಧೆಯ ತೀರ್ಪುಗಾರರೂ ಹಾಗೆ ಕೇಳಿದ್ದಿಲ್ಲ. ಮುಗಿದ ಮೇಲೆ ಸೂಜಿಗೆ ದಾರ ಪೋಣಿಸುತ್ತ ಹೇಳಿದ: "ತುಟ್ಟಿ ಬಟ್ಟಿ ತಂದವರು ಕತ್ತರಿ ಹಾಕ್ಲಾಕ ಬಿಡಂಗಿಲ್ಲ. ಅಷ್ಟೂ ಇರ್ಲಿ, ಸಡಿಲ ಹೊಲಿ ಅಂತಾರ. ಆಮ್ಯಾಲ ಅಂಗಿ ಮೈಗಿ ಹತ್ತಂಗಿಲ್ಲ."

ಇದು ನನ್ನ ಪರವೋ ವಿರುದ್ಧವೋ ತಿಳಿಯಲಿಲ್ಲ. ನಗುತ್ತ ಹೇಳಿದನೋ ಎಂದು ನೋಡಿದರೆ ಅವನ ತುಟಿಗಳ ನಡುವೆ ದಾರದ ತುದಿ ಇತ್ತು.

ಕ್ಯಾಮೆರಾ ತೆಗೆದೆ. ಬಾಗಿಲ ಬೆಳಕು ಚೆನ್ನಾಗಿತ್ತು, ಯಾವ ಲೆನ್ಸಿಗೂ ಸಾಲುವಷ್ಟು. ಕೈ ಚೀಲದೊಳಗೆ ಹೋಗಿ ಎರಡರ ನಡುವೆ ನಿಂತಿತು. ಯಾವುದರಲ್ಲಿ ತೆಗೆದರೂ ಬರುವುದು ಇವತ್ತಿನ ಮುಖ. ಅವ್ವನಿಗೆ ನಿಜವಾಗಿ ಬೇಕಿದ್ದದ್ದು ಮದುವೆಯ ದಿನದ್ದು. ಚೀಲ ಮುಚ್ಚಿ, ಜೋಡಿಸಿಟ್ಟುಕೊಂಡ ವಾದವನ್ನೆಲ್ಲ ಬಿಟ್ಟು, ಕೇಳಿಯೇ ಬಿಟ್ಟೆ:

"ಮಾಮಾ, ಅಕ್ಕಿಕಾಳು ಬೀಳೋ ಹೊತ್ತಿಗಿ ನೀವು ನಗ್ಲಕತ್ತಿದ್ರೇನು?"