ಒಲೆಯ ಕಾಲಿನ ರಬ್ಬರು

ಹುಣಸೆ ಬೀಜದಷ್ಟಿರುವ ಒಂದು ರಬ್ಬರಿನ ತುಂಡಿಗಾಗಿ ನಾನು ಮೂರು ಊರು ಅಲೆದೆ ಅಂದರೆ ನೀವು ನಗುತ್ತೀರಿ. ನಗಿ. ಎರಡು ತಿಂಗಳ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಈಗ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಅದೂ ಸಣ್ಣ ಸಿಟ್ಟಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿಗೆ ಕಾಯುವವನಿಗೆ ಬರುವಂಥ ಸಿಟ್ಟು.

ಗಾಜಿನ ಮೈಯ ಗ್ಯಾಸ್ ಒಲೆ ನೋಡಿದ್ದೀರಲ್ಲ. ಪ್ರತಿ ಬರ್ನರಿನ ಮೇಲೂ ಪಾತ್ರೆ ಕೂರಲು ಒಂದು ಕಬ್ಬಿಣದ ಸ್ಟ್ಯಾಂಡು. ಅದಕ್ಕೆ ನಾಲ್ಕು ಕಾಲು. ಕಾಲು ಗಾಜನ್ನು ಗೀರಬಾರದು, ಜಾರಬಾರದು ಅಂತ ಪ್ರತಿಯೊಂದರ ತುದಿಗೂ ಒಂದೊಂದು ಕರಿ ರಬ್ಬರು. ಒಲೆ ಕೊಳ್ಳುವ ದಿನ ಅದನ್ನು ಯಾರೂ ನೋಡುವುದಿಲ್ಲ. ನಾವು ಬರ್ನರು ಹಿತ್ತಾಳೆಯದಾ ಅಂತ ಕೇಳುತ್ತೇವೆ, ಗಾಜಿನಲ್ಲಿ ಮುಖ ಕಾಣುತ್ತದಾ ಅಂತ ಬಗ್ಗಿ ನೋಡುತ್ತೇವೆ, ಮನೆಗೆ ತಂದು ಕುಂಕುಮ ಹಚ್ಚಿ ಹಾಲು ಉಕ್ಕಿಸುತ್ತೇವೆ. ಇಡೀ ಮನೆಯ ಅಡುಗೆ ಆ ರಬ್ಬರಿನ ಮೇಲೆ ನಿಂತಿದೆ ಅನ್ನುವುದು ಅದು ಸವೆದು ಬಿದ್ದು, ಬಚ್ಚಲ ನೀರಿನ ಜೊತೆ ಹರಿದುಹೋದ ಮೇಲೆ ಗೊತ್ತಾಗುತ್ತದೆ. ನಮಗೆ ಆಗಲೂ ಗೊತ್ತಾಗಲಿಲ್ಲ.

ನಮ್ಮ ಮನೆಯಲ್ಲಿ ನಾವು ಮೂವರು. ಸಿರುಗುಪ್ಪದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಇತಿಹಾಸ ಪಾಠ ಮಾಡುವ ನಾನು, ನನ್ನ ಹೆಂಡತಿ ಸುನಂದಾ, ನನ್ನ ಅವ್ವ. ಅವ್ವನಿಗೆ ಎಪ್ಪತ್ತಾರು. ಭುಜ ನೋಯತೊಡಗಿದ ಮೇಲೆ ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟುಕೊಟ್ಟಳು. ಕಣ್ಣು ಮಂಜಾದ ಮೇಲೆ ಅಕ್ಕಿ ಆರಿಸುವುದನ್ನು ಬಿಟ್ಟಳು. ಬಿಡದೆ ಇಟ್ಟುಕೊಂಡಿದ್ದು ಬೆಳಗಿನ ಚಹಾ ಒಂದನ್ನೇ. ಐದಕ್ಕೆ ಎದ್ದು, ಸ್ನಾನ ಮಾಡಿ, ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಬೆರಳಿನಿಂದ ಒಲೆಗೂ ಮೂರು ಗೆರೆ ಎಳೆದು, ಎಡಗಡೆಯ ಸಣ್ಣ ಬರ್ನರಿನ ಮೇಲೆ ಹಾಲಿಡುತ್ತಿದ್ದಳು. ಆ ಬರ್ನರು ಅವಳದು. ಸುನಂದಾ ರೊಟ್ಟಿ, ಸಾರು ಎಲ್ಲಾ ಬಲಗಡೆಯ ದೊಡ್ಡದರ ಮೇಲೆ ಮಾಡುತ್ತಾಳೆ.

ಒಂದು ದಿನ ಅವ್ವ ಹೇಳಿದಳು, "ಲೇ ವೀರೇಶ, ಒಲಿ ಅಲ್ಲಾಡಾಕ ಹತ್ತೈತಿ ನೋಡೋ."

ನಾನು ಬಸ್ಸಿಗೆ ಹೊರಟಿದ್ದೆ. "ನೋಡ್ತೀನಿ ತಗೊ" ಅಂದೆ. ನೋಡಲಿಲ್ಲ. ಎರಡನೇ ಸಲ ಹೇಳಿದಾಗ ಅವಳ ಕೈಯ ಕಡೆ ನೋಡಿದೆ. ವರ್ಷದಿಂದ ಅವಳ ಬೆರಳುಗಳಲ್ಲಿ ಸಣ್ಣ ನಡುಕ ಸೇರಿಕೊಂಡಿತ್ತು. ನನಗೆ ಎಲ್ಲಾ ಅರ್ಥವಾಯಿತು ಅಂದುಕೊಂಡೆ. ಬಾಯಿಗೆ ಒಂದು ಗಾದೆಯೂ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪುಣ್ಯಕ್ಕೆ ಜೋರಾಗಿ ಹೇಳಲಿಲ್ಲ, ಸುನಂದಾಳ ಕಿವಿಯಲ್ಲಷ್ಟೇ ಹೇಳಿದೆ. ಅವಳು ನಕ್ಕಳು. ಈಗ ಯೋಚಿಸಿದರೆ ಅವ್ವನಿಗೆ ಕಣ್ಣಷ್ಟೇ ಮಂಜು, ಕಿವಿ ಸರಿಯಾಗಿದೆ.

ಅದಾದ ಮೇಲೆ ಅವ್ವ ಒಲೆಯ ಮಾತೆತ್ತಲಿಲ್ಲ. ಆದರೆ ಮನೆಯಲ್ಲಿ ಹೊಸದೊಂದು ತಕರಾರು ಹುಟ್ಟಿತು. "ಅತ್ತಿ ದಿನಾ ಒಲಿ ಮ್ಯಾಲೆ ಜ್ವಾಳದ ಹಿಟ್ಟು ಮೆತ್ತಿರ್ತಾರ್ರಿ, ಕೆರದು ಕೆರದು ಸಾಕಾತು" ಅಂತ ಸುನಂದಾ ಒರೆಸುವಳು. ವಯಸ್ಸಾಯಿತಲ್ಲ ಅಂತ ನಾನು ದೊಡ್ಡ ಮನಸ್ಸು ಮಾಡುವೆ. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಮಗುಚಿತು. ಅವ್ವನ ಮುಂಗೈ ಮೇಲೆ ಬೊಬ್ಬೆ ಎದ್ದಿತು. ನಾವಿಬ್ಬರೂ ಗಾಬರಿಯಾಗಿ ಓಡಿಬಂದೆವು, ಮುಲಾಮು ಹಚ್ಚಿದೆವು, ಆಮೇಲೆ ಒಂದೇ ಬಾಯಲ್ಲಿ ಕಾನೂನು ಮಾಡಿದೆವು: ಅವ್ವ ಇನ್ನು ಒಲೆಯ ಹತ್ತಿರ ಹೋಗಕೂಡದು.

ಅವ್ವ ಜಗಳವಾಡಲಿಲ್ಲ. ಐದಕ್ಕೇ ಏಳುವಳು, ಸ್ನಾನ ಮಾಡುವಳು, ವಿಭೂತಿ ಹಚ್ಚಿಕೊಂಡು ಪಡಸಾಲೆಯ ಕುರ್ಚಿಯ ಮೇಲೆ ಕೂತು ಸುನಂದಾ ಎದ್ದು ತನ್ನ ದೊಡ್ಡ ಬರ್ನರಿನ ಮೇಲೆ ಚಹಾ ಮಾಡಿ ಕೊಡುವ ತನಕ ಕಾಯುವಳು. ಕೊಟ್ಟರೆ ಅರ್ಧ ಕುಡಿದು ಇಡುವಳು. ಮಾತು ಕಡಿಮೆಯಾಯಿತು. ಮೂರು ವಾರ ಹೀಗೆ ನಡೆಯಿತು.

ಆಮೇಲೆ ಸುನಂದಾ ತಂಗಿಯ ಮಗಳ ಲಗ್ನಕ್ಕೆ ಅಂತ ತವರಿಗೆ ಹೋದಳು. ಬೆಳಿಗ್ಗೆ ನಾನೇ ಹಾಲಿಟ್ಟೆ. ಸಣ್ಣ ಪಾತ್ರೆ, ಸಣ್ಣ ಬರ್ನರು. ಉಕ್ಕುವ ಹಾಲನ್ನು ಇಳಿಸಲು ಇಕ್ಕಳ ಹಾಕಿದೆನೋ ಇಲ್ಲವೋ, ಸ್ಟ್ಯಾಂಡು ಕಟ್ ಅಂತ ಒಂದು ಕಡೆಗೆ ವಾಲಿತು. ಪಾತ್ರೆ ಓಲಾಡಿ ಅರ್ಧ ಹಾಲು ಗಾಜಿನ ಮೇಲೆ, ಕಾಲು ಭಾಗ ನನ್ನ ಪಾದದ ಮೇಲೆ. ನಾನು ಕೂಗಿದೆ, "ಥೂ ಇದರ, ಈ ಒಲಿ ಅಲ್ಲಾಡ್ತೈತಿ!"

ಪಡಸಾಲೆಯಿಂದ ಅವ್ವನ ದನಿ ಬಂತು. "ಹೌದೇನಪ್ಪ?"

ಇಷ್ಟೇ. ಈ ನಾಲ್ಕಕ್ಷರಕ್ಕೆ ನಾನು ಕುದಿಯುವ ಹಾಲಿಗಿಂತ ಹೆಚ್ಚು ಬೆಂದೆ. ಸ್ಟ್ಯಾಂಡನ್ನು ಎತ್ತಿ ತಿರುಗಿಸಿ ನೋಡಿದರೆ ಒಂದು ಕಾಲಿನ ರಬ್ಬರು ಪೂರ್ತಿ ಮಾಯ, ಇನ್ನೊಂದರದು ಅರ್ಧ ಸುಟ್ಟು ಚಕ್ಕೆಯಾಗಿತ್ತು. ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. "ನಾ ದಿನಾ ಹಿಟ್ಟಿನ ಉಂಡಿ ಮಾಡಿ ಆ ಕಾಲಿನ ಕೆಳಗ ಇಟ್ಟು ಕೂಡಸ್ತಿದ್ದೆ. ಒಣಗಿದ್ರ ಕಲ್ಲಿನಂಗ ಆಗ್ತಿತ್ತು. ನೀವು ದಿನಾ ಒರಸ್ತಿದ್ರಿ" ಅಂದಳು.

ಹೇಳಿ, ಈಗ ಯಾರ ಮೇಲೆ ಸಿಟ್ಟಾಗಬೇಕು? ನನ್ನ ಮೇಲೆ ಆಗಬೇಕಿತ್ತು. ಆದರೆ ಮನುಷ್ಯ ತನ್ನ ಮೇಲಿನ ಸಿಟ್ಟನ್ನು ಬೇರೆಯವರ ಮನೆಗೆ ಒಯ್ದು ಹಾಕುವುದರಲ್ಲಿ ನಿಸ್ಸೀಮ. ಮೊದಲು ಆ ಗಾದೆಯ ಮೇಲೆ ಹರಿಹಾಯ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇಷ್ಟು ಕಾಲದಿಂದ ಇದನ್ನು ಹೇಳಿ ಹೇಳಿ ನಗುವ ನಮ್ಮಲ್ಲಿ ಒಬ್ಬನಾದರೂ ಹೋಗಿ ಆ ನೆಲವನ್ನು ನೋಡಿ ಬಂದಿದ್ದಾನೆಯೇ? ಬಗ್ಗಿ ಅಂಗೈಯಿಟ್ಟು ಸವರಿದ್ದಾನೆಯೇ? ನನಗಂತೂ ಈ ಗಾದೆ ಕಟ್ಟಿದವನು ಆ ನೆಲಕ್ಕೆ ಗಾರೆ ಹಾಕಿದವನೇ ಅಂತ ಬಲವಾದ ಅನುಮಾನ. ಅಂದಿನಿಂದ ಆ ಗಾದೆಯನ್ನು ನಾನು ಬಳಸುತ್ತಿಲ್ಲ.

ಎರಡನೆಯ ಸಿಟ್ಟು ಒಲೆ ಮಾಡಿದವರ ಮೇಲೆ. ಬಳ್ಳಾರಿಯಲ್ಲಿ ಒಲೆ ಕೊಂಡ ಅಂಗಡಿಗೆ ಹೋದೆ. ತಣ್ಣನೆಯ ಅಂಗಡಿ, ಟೈ ಕಟ್ಟಿದ ಯುವಕ. ರಬ್ಬರು ಬೇಕು ಅಂದೆ. ಅವನು ಒಳಗಿದ್ದವನಿಗೆ ತೆಲುಗಿನಲ್ಲಿ, "ಅಣ್ಣಾ, ಸ್ಟ್ಯಾಂಡ್ ರಬ್ಬರು ಉಂದಾ?" ಅಂದ. ಒಳಗಿನಿಂದ "ಲೇದು" ಅಂತ ಬಂತು. ಬಳ್ಳಾರಿಯಲ್ಲಿ ಹುಟ್ಟಿದವನಿಗೆ ಎರಡು ಭಾಷೆಯಲ್ಲಿ ಇಲ್ಲ ಅನ್ನಿಸಿಕೊಳ್ಳುವ ಯೋಗವಿದೆ, ಅದನ್ನವನು ಕನ್ನಡದಲ್ಲೂ ಪೂರೈಸಿದ. "ಅದು ಬಿಡಿಯಾಗಿ ಬರಂಗಿಲ್ಲ ಸಾರ್. ಸ್ಟ್ಯಾಂಡ್ ಸೆಟ್ಟ ತಗೋಬೇಕು. ಆ ಮಾಡಲ್ ಸ್ಟ್ಯಾಂಡ್ ಈಗ ನಿಂತೈತಿ. ನೀವು ಹೊಸಾ ಒಲಿ ತಗೊಂಬಿಡ್ರಿ."

ನಿಂತೈತಿ ಅಂತೆ. ಮನೆಯಲ್ಲಿರುವುದು ನಿಲ್ಲುತ್ತಿಲ್ಲ ಅಂತಲೇ ನಾನು ಬಂದದ್ದು. ಚಪ್ಪಲಿಯ ಉಂಗುಟ ಕಿತ್ತವನಿಗೆ ಹೊಸ ಕಾಲು ಹಾಕಿಸಿಕೊ ಅನ್ನುವ ವ್ಯಾಪಾರವಿದು. ಕಂಪನಿಯ ಫೋನಿಗೂ ಹಚ್ಚಿ ನೋಡಿದೆ. ಕನ್ನಡಕ್ಕೆ ಮೂರು ಒತ್ತಿ ಅಂದಿತು. ಒತ್ತಿದೆ. ಹಿಂದಿಯಲ್ಲಿ ಮಾತಾಡಿತು. ಸೈಕಲ್ ಟ್ಯೂಬು ಕತ್ತರಿಸಿ ಕಾಲಿಗೆ ಸುತ್ತಿದೆ. ಮೊದಲ ಚಹಾಕ್ಕೇ ಅದು ಕರಗಿ, ಮನೆಯೆಲ್ಲಾ ಟೈರು ಸುಟ್ಟ ನಾತ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಹಿಟ್ಟ ಚಲೋ ಇತ್ತು" ಅಂದಳು.

ಸಿರುಗುಪ್ಪದಲ್ಲಿ ಸಿಕ್ಕೀತು ಅಂದುಕೊಂಡೆ. ಭತ್ತದ ನಾಡು, ಬೀದಿಗೊಂದು ರೈಸ್ ಮಿಲ್ಲು. ಭತ್ತದ ಸಿಪ್ಪೆ ಸುಲಿಯುವುದು ಎರಡು ದಪ್ಪ ರಬ್ಬರ್ ರೋಲುಗಳ ನಡುವೆ. ಅವು ಸವೆಯುತ್ತಲೇ ಇರುತ್ತವೆ, ಇವರು ಬದಲಿಸುತ್ತಲೇ ಇರುತ್ತಾರೆ. ಸವೆದ ರೋಲು ಹಿಡಿದು ಹೋದವನಿಗೆ ಮಿಲ್ಲನ್ನೇ ಹೊಸದು ಕಟ್ಟಿಸು ಅಂತ ಇಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮಿಲ್ಲಿನ ಸಾಮಾನಿನ ಅಂಗಡಿಯವನ ಮುಂದೆ ನನ್ನ ಸ್ಟ್ಯಾಂಡು ಇಟ್ಟೆ. ಅವನು ಅದನ್ನು ಕೈಯಲ್ಲಿ ತಿರುಗಿಸಿ, "ನಮ್ಮ ರಬ್ಬರಿನಾಗ ನಿಮ್ಮ ಒಲಿನ ಮುಳುಗಿ ಹೋಗ್ತೈತಿ ಸರ. ಕುರುಗೋಡಿನಾಗ ಖಾಜಾಸಾಬ ಅಂತ ಸ್ಟೋವ್ ರಿಪೇರಿ ಮಾಡವ ಅದಾನ, ಅಲ್ಲಿಗೆ ಹೋಗ್ರಿ" ಅಂದ.

ಹೀಗೆ ಒಂದು ಭಾನುವಾರ ಚೀಲದಲ್ಲಿ ಒಲೆಯ ಸ್ಟ್ಯಾಂಡು ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಕುರುಗೋಡಿಗೆ ನಾನು ಹೋಗುವುದು ಹೊಸದಲ್ಲ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಹಳೆಯ ಕಲ್ಲುಗುಡಿಗಳನ್ನು ತೋರಿಸಿ, ನೋಡ್ರಪ್ಪ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ, ಎಲ್ಲಿ ತುಸು ಏರುಪೇರಾಯಿತೋ ಅಲ್ಲಿ ಸಣ್ಣ ಚಕ್ಕೆ ಕಲ್ಲು ತುರುಕಿ ಸಮ ಮಾಡಿದ್ದಾರೆ ಅಂತ ಭಾಷಣ ಮಾಡುತ್ತೇನೆ. ಆ ಶಿಲ್ಪಿಗಳ ಬುದ್ಧಿಗೆ ಕೈ ಮುಗಿಯುತ್ತೇನೆ. ನನ್ನ ಮನೆಯಲ್ಲಿ ಅದೇ ಬುದ್ಧಿ ಜೋಳದ ಹಿಟ್ಟಿನಲ್ಲಿ ನಡೆಯುತ್ತಿದ್ದಾಗ ಬಟ್ಟೆ ತಂದು ಒರೆಸಿದ್ದೆವು. ಬಸ್ಸಿನಲ್ಲಿ ಇದು ಹೊಳೆದು, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಥೂ ಅಂದುಬಿಟ್ಟೆ.

ಅವ್ವನ ತವರು ರಾರಾವಿ. ಅಲ್ಲಿ ಹೊಲದ ಕೆಲಸದ ದಿನ ಮೂರು ಗುಂಡುಕಲ್ಲು ಹೂಡಿ ಅಡುಗೆ ಮಾಡುತ್ತಿದ್ದರಂತೆ. ಮೂರು ಕಾಲಿನ ಯಾವುದೂ ಎಂಥ ನೆಲದ ಮೇಲೂ ಅಲ್ಲಾಡುವುದಿಲ್ಲ. ಇದು ರೇಖಾಗಣಿತ, ಬೇಕಾದರೆ ಮನೆಯಲ್ಲಿ ಮೂರು ಕಾಲಿನ ಸ್ಟೂಲು ಇಟ್ಟು ನೋಡಿ. ನಾಲ್ಕನೆಯ ಕಾಲು ಬಂದ ದಿನವೇ ಅಲುಗಾಟವೂ ಬಂತು. ಮೂರು ಕಲ್ಲಿನ ಮೇಲೆ ಅಡುಗೆ ಕಲಿತವಳಿಗೆ, ಒಲೆ ಅಲ್ಲಾಡುತ್ತದೋ ಕೈ ಅಲ್ಲಾಡುತ್ತದೋ ಎಂಬುದು ತಿಳಿಯದೆ ಹೋಗುತ್ತದೆಯೇ?

ಖಾಜಾಸಾಬ ಬಸ್ ನಿಲ್ದಾಣದ ಹಿಂದೆ ಒಂದು ತಗಡಿನ ಅಂಗಡಿಯಲ್ಲಿ ಕೂತಿದ್ದ. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಕಂಪನಿ, ಅಂಗಡಿ, ಫೋನು ಎಲ್ಲರನ್ನೂ ಬೈಯುತ್ತಾ ಹೋದೆ. ಅವನು ಕೇಳಿಸಿಕೊಳ್ಳದೆ ಸ್ಟ್ಯಾಂಡಿನ ಕಾಲುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಟ್ಟಿದ.

"ಇದರ ಮ್ಯಾಲೆ ಹಾಲಿಡೋರು ಯಾರ್ರಿ ಸಾರ್?"

"ನಮ್ಮ ಅವ್ವ."

"ಅಮ್ಮಾರು ಏನೂ ಅನ್ನಲಿಲ್ಲೇನ್ರಿ? ಇದು ಭಾಳ ದಿನದಿಂದ ಅಲ್ಲಾಡೈತಿ."

ಅಂದಿದ್ದಳು, ಎರಡು ಸಲ. ನಾನು ಖಾಲಿ ಚೀಲ ಮಡಚತೊಡಗಿದೆ. ಅವನು ಒಂದು ಹಳೆಯ ಡಬ್ಬಿ ತೆಗೆದ. ಸತ್ತುಹೋದ ಎಷ್ಟೋ ಒಲೆಗಳಿಂದ ಕಿತ್ತಿಟ್ಟ ರಬ್ಬರುಗಳು ಅದರಲ್ಲಿದ್ದವು. ಒಂದೇ ಸಾಕು ಅಂದೆ. "ಒಂದ ಹಾಕಿದ್ರ ಅದು ಎತ್ತರಾಗಿ ಮತ್ತ ಅಲ್ಲಾಡ್ತೈತಿ ಸಾರ್. ನಾಕೂ ಬದ್ಲಿ ಮಾಡಬೇಕು" ಅಂದು, ಒಂದೇ ಅಳತೆಯ ನಾಲ್ಕನ್ನು ಆರಿಸಿದ. ಹಳೆಯದರ ಚೂರನ್ನು ಸೂಜಿಯಿಂದ ಕೆದರಿ ತೆಗೆದು, ಹೊಸದಕ್ಕೆ ಸಾಬೂನಿನ ನೀರು ಮುಟ್ಟಿಸಿ, ತಿರುವಿ ಒತ್ತಿದ. ನಾಲ್ಕೂ ಕೂತವು. ಹಲಗೆಯ ಮೇಲೆ ಸ್ಟ್ಯಾಂಡನ್ನು ಇಟ್ಟು ಮೂಲೆ ಮೂಲೆ ಒತ್ತಿ ತೋರಿಸಿದ. ನಾನು ಒಂದು ತಿಂಗಳಿಂದ ಹೊತ್ತು ತಿರುಗಿದ ಸಿಟ್ಟು ಇಳಿಯಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಮನೆಗೆ ಬಂದು ಸ್ಟ್ಯಾಂಡನ್ನು ಒಲೆಯ ಮೇಲೆ ಕೂರಿಸಿ, ಗೆದ್ದುಬಂದವನ ಹಾಗೆ "ಅವ್ವಾ, ಸರಿ ಆತು ನೋಡು ಬಾ" ಅಂತ ಕೂಗಿದೆ. ಅವ್ವ ಬರಲಿಲ್ಲ. ಊರಿಂದ ಬಂದಿದ್ದ ಸುನಂದಾ ನನ್ನ ಕಡೆ ನೋಡಿ, "ನಾವ ಹೋಗಿ ಕರೀಬೇಕ್ರಿ" ಅಂದಳು. ಇಬ್ಬರೂ ಪಡಸಾಲೆಗೆ ಹೋಗಿ ನಿಂತೆವು. "ತಪ್ಪಾತು ಅತ್ತಿ" ಅಂತ ಅವಳು ಅಂದಳು. ಕಾಲೇಜಿನಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು ಅವಳ ಹಿಂದೆ ತಲೆಯಾಡಿಸಿದೆ.

ಮರುದಿನ ಐದೂವರೆಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ನಾವು ಎದ್ದು ಬಾಗಿಲಲ್ಲಿ ನಿಂತೆವು. ಒಲೆಗೆ ವಿಭೂತಿ ಆಗಲೇ ಬಿದ್ದಿತ್ತು. ಅವ್ವ ಎರಡು ಬೆರಳಿನಿಂದ ಸ್ಟ್ಯಾಂಡಿನ ಒಂದೊಂದು ಮೂಲೆಯನ್ನೂ ಒತ್ತಿ ನೋಡಿದಳು. ಹಾಲಿಟ್ಟಳು. ಉಕ್ಕಿ ಬಂದಾಗ ಇಕ್ಕಳ ಹಾಕಿ ಇಳಿಸಿ, ಚಹಾ ಸೋಸಿ, ಲೋಟಗಳಿಗೆ ಬಗ್ಗಿಸಿದಳು. ಬಗ್ಗಿಸುವಾಗ ಕೈ ನಡುಗಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ನಡುಗಿತು. ನಾಲ್ಕು ಹನಿ ಆಚೆ ಬಿದ್ದವು. ನಾವಿಬ್ಬರೂ ನೋಡಿದೆವು, ನೋಡದವರ ಹಾಗೆ ಗೋಡೆಯ ಕಡೆ ತಿರುಗಿದೆವು.

ಅವ್ವ ನಮ್ಮನ್ನೇ ನೋಡುತ್ತಿದ್ದಳು.

"ಕೈ ನಡುಗ್ತೈತಿ ಅಂತ ನಂಗೂ ಗೊತ್ತೈತಿ. ಅದಕ್ಕ ಒಲಿ ಗಟ್ಟಿ ಇರಬೇಕು ಅಂತ ಹೇಳಿದ್ದು" ಅಂದಳು. "ಚಾ ತಗೊಂಡು ಹೋಗ್ರಿ ಇನ್ನ."

ತಗೊಂಡು ಹೋದೆವು.