ಮಗುಚಿ ಹಾಕಿದ ಕಲ್ಲು

“ಅಜ್ಜಾ, ನೀನು ಕಲ್ಲು ಕೂರಿಸೋಕೆ ಬಂದಿದ್ದೀಯೋ, ಅದರ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮಾಡೋಕೋ? ನಿಮ್ಮಪ್ಪ ದಿನಕ್ಕೆ ಹತ್ತು ಕೂರಿಸ್ತಿದ್ನಂತೆ. ನೀನು ಬರೀ ಅವನ ಹೆಸರು ಹೇಳ್ಕೊಂಡು ಹೊಟ್ಟೆ ಹೊರೀತಿದ್ದೀಯ.”

ಮೇಲ್ವಿಚಾರಕ ಎಡ್ವಿನಾಸ್ ಇದನ್ನು ಆರು ಜನ ಕೆಲಸಗಾರರ ಎದುರು, ಟ್ರಾಲಿಬಸ್ಸಿಗೆ ಕಾಯುತ್ತಿರುವವರಿಗೂ ಕೇಳುವ ಹಾಗೆ ಹೇಳುತ್ತಾನೆ. ಯಾರೋ ಕಿಸಕ್ಕೆಂದು ನಗುತ್ತಾರೆ. ವಿಲ್ನಿಯಸ್ಸಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಐವತ್ತೊಂಬತ್ತರ ರಿಮಾಂತಾಸ್ ತಲೆ ಎತ್ತುವುದಿಲ್ಲ. ಗುಡ್ಡದ ಮೆಟ್ಟಿಲುಗಳಲ್ಲಿ ಮೇಲಿನಿಂದ ಮೂರನೆಯದನ್ನು ಅವರು ಈಗತಾನೆ ಹಾರೆ ಹಾಕಿ ಮಗುಚಿದ್ದಾರೆ. ತಳದ ಮಣ್ಣು ಉದುರಿದ ಕಡೆ ಎರಡು ಕೈಗಳು ಕಾಣುತ್ತಿವೆ. ಕಲ್ಲಿನಲ್ಲಿ ಕೆತ್ತಿದ, ಹರಸುವಂತೆ ಬೆರಳು ಬಿಡಿಸಿದ ಕೈಗಳು. ಕೆಳಗೆ ಹೀಬ್ರೂ ಅಕ್ಷರಗಳ ನಾಲ್ಕು ಸಾಲು.

ಯಹೂದಿ ಗೋರಿಯ ಕಲ್ಲು.

ಮೂವತ್ತೆಂಟು ವರ್ಷದಿಂದ ರಿಮಾಂತಾಸ್ ಈ ಊರಿಗೆ ಕಲ್ಲು ಹಾಸುತ್ತಿದ್ದಾರೆ. ದಿನಕ್ಕೆ ಆರು ಮೆಟ್ಟಿಲು, ಒಂದೊಂದೂ ಎಂಬತ್ತು ಕಿಲೋ. ಬಲಮಂಡಿಗೆ ಎರಡು ಸಲ ಕತ್ತರಿ ಬಿದ್ದಿದೆ. ಹತ್ತು ಗಂಟೆಗೆ ಕಪ್ಪು ರೊಟ್ಟಿ, ಉಪ್ಪಿನಲ್ಲಿಟ್ಟ ಹಂದಿಕೊಬ್ಬು. ತಿನ್ನಲು ಏಳುವಾಗ ಕಲ್ಲಿನ ಮೇಲೆ ಸುತ್ತಿಗೆ ಇಟ್ಟು ಹೋದರೆ ಆಯಿತು, ಬೇರೆ ಯಾರೂ ಆ ಕಲ್ಲು ಮುಟ್ಟುವುದಿಲ್ಲ. ಇವರ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಆಣೆಯಿಲ್ಲ. ಪದಕ, ಶಾಲು ಯಾವುದೂ ಇವರ ಕಡೆ ಸುಳಿದಿಲ್ಲ. ಇದ್ದ ಹೆಮ್ಮೆ ಒಂದೇ: “ಈ ಮೆಟ್ಟಿಲು ನಮ್ಮಪ್ಪ ಪೋವಿಲಾಸ್ ಹಾಕಿದ್ದು. ಅರವತ್ತು ವರ್ಷ ಆಯ್ತು, ಒಂದೂ ಅಲುಗಿಲ್ಲ.” ನೀರಿನ ಕೊಳವೆ ಹಾಕಬೇಕೆಂದು ಈಗ ಕಿತ್ತು ಮತ್ತೆ ಕೂರಿಸುತ್ತಿದ್ದಾರೆ, ಅಷ್ಟೇ.

ಮಗುಚಿದ ಕಲ್ಲಿನ ಅಂಚಿನಲ್ಲಿ ಹಕ್ಕಿಕಾಲಿನಂಥ ಮೂರು ಗೀರು. ಅಪ್ಪನ ಉಳಿಯ ಗುರುತು. ನುಣುಪು ಮುಖ ಮೇಲಿರಬೇಕು ಎಂಬುದು ಈ ಕಸುಬಿನ ಮೊದಲ ದಿನದ ಪಾಠ, ಕಲಿಸಿದವನೂ ಅಪ್ಪನೇ. ಅಂಥವನು ನುಣುಪನ್ನು ಮಣ್ಣಿಗೆ ಮಾಡಿ, ಒರಟು ಬೆನ್ನನ್ನು ಕೂತು ಕೆತ್ತಿ ಮೇಲಿಟ್ಟಿದ್ದಾನೆ. ಗೊತ್ತಿಲ್ಲದೆ ಆಗುವ ಕೆಲಸವಲ್ಲ ಇದು.

ರಿಮಾಂತಾಸ್ ಆ ಗೀರುಗಳ ಮೇಲೆ ಬೆರಳಾಡಿಸುತ್ತಾರೆ. “ಅಪ್ಪ ಈ ಮೆಟ್ಟಿಲು ಹತ್ತಿದ್ದನ್ನ ನಾನು ನೋಡೇ ಇಲ್ಲ. ಪಕ್ಕದ ಕೆಸರು ದಾರೀಲೇ ಹೋಗ್ತಿದ್ದ. ಮಂಡಿನೋವು ಅಂದ್ಕೊಂಡಿದ್ದೆ,” ಎನ್ನುತ್ತಾರೆ. ಕೆಸರು ದಾರಿಯ ಕಡೆ ತಿರುಗಿ, “ಕೆಸರಲ್ಲಿ ಹತ್ತೋದು ಮಂಡಿಗೆ ಇನ್ನೂ ಕಷ್ಟ, ಅಲ್ವಾ?”

ಈ ಸತ್ತವರ ಮಕ್ಕಳು ಮೊಮ್ಮಕ್ಕಳನ್ನು ಯುದ್ಧದಲ್ಲಿ ಗುಂಡಿಟ್ಟು ಮುಗಿಸಿದ್ದಾಗಿತ್ತು. ಆಮೇಲೆ ಬಂದ ಸರ್ಕಾರ ಸ್ಮಶಾನವನ್ನೇ ಕಿತ್ತು ಲಾರಿಗೆ ಹೇರಿ, ಮೆಟ್ಟಿಲು ಕಟ್ಟಲು ಕಳಿಸಿತು. ಊರು ತುಟಿ ಬಿಚ್ಚಲಿಲ್ಲ. ಅರವತ್ತು ವರ್ಷ ಬೂಟುಗಾಲಲ್ಲಿ ತುಳಿಯಿತು, ಇಲ್ಲೇ ನಿಂತು ಮದುವೆಯ ಫೋಟೊ ತೆಗೆಸಿಕೊಂಡಿತು.

ಎಂಟಕ್ಕೆ ಕಾಂಕ್ರೀಟ್ ಬರುತ್ತದೆ, ಇದ್ದ ಹಾಗೇ ಮಗುಚಿ ಹಾಕು ಎನ್ನುತ್ತಾನೆ ಎಡ್ವಿನಾಸ್. ರಿಮಾಂತಾಸ್ ತಮ್ಮ ಕುಡಿಯುವ ನೀರನ್ನು ಕಲ್ಲಿನ ಮೇಲೆ ಸುರಿದು, ಅಂಗಿಯ ತೋಳಿನಿಂದ ಒರೆಸುತ್ತಾರೆ. ಖಾಲಿ ಸಿಮೆಂಟು ಚೀಲದ ಕಾಗದ ಹರಡಿ, ಮೇಲೆ ಪೆನ್ಸಿಲ್ ಉಜ್ಜುತ್ತಾರೆ. ನಾಲ್ಕೂ ಸಾಲು ಬಿಳಿಯಾಗಿ ಮೂಡುತ್ತವೆ.

“ನಂಗೆ ಓದೋಕೆ ಬರಲ್ಲ. ಬರೋರನ್ನ ಹುಡುಕ್ಕೊಂಡು ಹೋಗ್ತೀನಿ, ಅವರು ಈ ಹೆಸರನ್ನ ಒಂದ್ಸಲ ಗಟ್ಟಿಯಾಗಿ ಹೇಳ್ಲಿ. ಅಷ್ಟು ಸಾಕು.”

ಈಗ ಹೋದರೆ ನಾಳೆಯಿಂದ ಕೆಲಸಕ್ಕೆ ಬರುವುದೇ ಬೇಡ ಎನ್ನುತ್ತಾನೆ ಎಡ್ವಿನಾಸ್. ರಿಮಾಂತಾಸ್ ಎದ್ದು, ಆ ಎರಡು ಕೈಗಳ ನಡುವೆ ತಮ್ಮ ಸುತ್ತಿಗೆಯನ್ನು ಇಡುತ್ತಾರೆ. ಉಳಿದ ಆರು ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

“ನಿಮ್ಮಪ್ಪನಿಗೇ ಇಲ್ಲದ ನೋವು ನಿಂಗ್ಯಾಕೆ ಅಜ್ಜಾ?” ಎಡ್ವಿನಾಸ್ ಕೂಗುತ್ತಾನೆ.

ಈ ಸಲ ಯಾರೂ ನಗುವುದಿಲ್ಲ. ಕಾಗದವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ರಿಮಾಂತಾಸ್ ಮೆಟ್ಟಿಲು ಬಿಟ್ಟು ಪಕ್ಕದ ಕೆಸರು ದಾರಿಗೆ ಕಾಲಿಟ್ಟು ಇಳಿದು ಹೋಗುತ್ತಾರೆ.