ಎಟೋಬಿಕೋಕಿನ ಚಾವಿ ಥರ್ಮೋಸ್ಟಾಟಿಗಾಗಿ ಎರಡು ದಿನ

ಒಟ್ಟಾವಾದಿಂದ ಟೊರೊಂಟೊಕ್ಕೆ ನಾನೂರೈವತ್ತು ಕಿಲೋಮೀಟರು, ಬಸ್ಸಿನಲ್ಲಿ ಐದೂವರೆ ತಾಸು. 2018ರ ಫೆಬ್ರವರಿ ಕೊನೆಯ ವಾರದ ಗುರುವಾರ ಬೆಳಗಿನ ಏಳರ ಬಸ್ಸಿಗೆ ಹೊರಟೆ. ಟಿಕೆಟನ್ನು ಎರಡು ವಾರ ಮೊದಲೇ ತೆಗೆದಿದ್ದೆ. ಪಕ್ಕದಲ್ಲಿ ಕೂತವನು ಅದೇ ಬೆಳಿಗ್ಗೆ ತೆಗೆದು ನನ್ನ ಎರಡರಷ್ಟು ಕೊಟ್ಟಿದ್ದ. ನೀವು ಈ ದೇಶಕ್ಕೆ ಬಂದರೆ ನೆನಪಿಡಿ: ಇಲ್ಲಿ ಬಸ್ಸಿನವನ ಹತ್ತಿರ ಚೌಕಾಸಿ ನಡೆಯುವುದಿಲ್ಲ, ಕ್ಯಾಲೆಂಡರಿನ ಹತ್ತಿರ ನಡೆಯುತ್ತದೆ. ಹೊರಗೆ ಮೈನಸ್ ಹನ್ನೆರಡು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ದಾರಿಯ ನಡುವೆ ಬಸ್ಸು ನಿಲ್ಲಿಸಿದ ಕಡೆ ಕಾಫಿ ಕುಡಿದರೆ ಸಾಕು, ತಿಂಡಿಗೆ ಕೈ ಹಾಕಬೇಡಿ, ಪೇಟೆಯ ದುಪ್ಪಟ್ಟು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೋದರಮಾವನ ಹಳೇ ಸಾಮಾನಿನ ಅಂಗಡಿಯಲ್ಲಿ ಕಲಿತ ಮಾತೇ ನನ್ನ ಬಂಡವಾಳ. ಆ ಮಾತಿನ ಮೇಲೆಯೇ ಒಟ್ಟಾವಾದಲ್ಲಿ ಮನೆ ಕಾಯಿಸುವ ಫರ್ನೇಸುಗಳ ರಿಪೇರಿಯ ಸ್ವಂತ ವ್ಯಾಪಾರ ಕಟ್ಟಿದೆ. ಚಳಿದೇಶದ ಪ್ರತಿ ಮನೆಯ ಗೋಡೆಯಲ್ಲೂ ಥರ್ಮೋಸ್ಟಾಟು ಇರುತ್ತದೆ: ಮನೆ ಎಷ್ಟು ಬೆಚ್ಚಗಿರಬೇಕೆಂದು ಬೇಸ್‌ಮೆಂಟಿನ ಫರ್ನೇಸಿಗೆ ಹೇಳುವ ಅಂಗೈಯಗಲದ ಡಬ್ಬಿ. ಈಗಿನವು ಪ್ಲಾಸ್ಟಿಕ್ಕು. ಹಳೆಯವುಗಳ ಒಳಗೆ ಸುರುಳಿ ಸುತ್ತಿದ ಲೋಹದ ಪಟ್ಟಿ. ಚಳಿ ಏರಿದರೆ ಪಟ್ಟಿ ಮುದುಡಿ, ಮೇಲಿನ ಗಾಜಿನ ಕೊಳವೆ ವಾಲಿ, ಅದರೊಳಗಿನ ಪಾದರಸದ ಹನಿ ಜಾರಿ ಎರಡು ತಂತಿಗಳನ್ನು ಮುಟ್ಟುತ್ತದೆ. ಫರ್ನೇಸು ಹೊತ್ತಿಕೊಳ್ಳುತ್ತದೆ. ಗಿರಾಕಿಗಳು ತೆಗೆಸಿ ಎಸೆಯುತ್ತಿದ್ದ ಇಂಥವನ್ನು ಕೂಡಿಡುತ್ತ ಕೂಡಿಡುತ್ತ ನನಗೆ ಹುಚ್ಚು ಹಿಡಿಯಿತು.

ಅದೇ ಹುಚ್ಚಿನವರು ಟೊರೊಂಟೊ ಹತ್ತಿರದ ಯೂನಿಯನ್‌ವಿಲ್ಲಿನ ಶ್ರೀನಿವಾಸ ರಾಯರು. ಮೈಸೂರು ಕಡೆಯ ನಿವೃತ್ತ ಇಂಜಿನಿಯರು. ಅವರೇ ಫೋನು ಮಾಡಿದ್ದರು: “ಎಟೋಬಿಕೋಕಲ್ಲಿ ಒಬ್ರ ಮನೇಲಿ ಚಾವಿ ಕೊಡೋ ಗಡಿಯಾರದ ಥರ್ಮೋಸ್ಟಾಟ್ ನೋಡ್ದೆ ಕಣ್ರೀ. ಇನ್ನೂ ಓಡ್ತಿದೆ! ಮನೆ ಮಾರಾಟ ಆಗಿದೆ, ಮೇ ತಿಂಗಳಲ್ಲಿ ಕೆಡವ್ತಾರಂತೆ. ಆಕೆ ನಿಮ್ಮ ಧಾರವಾಡದೋರು. ನಂಗೆ ಕೇಳೋಕೆ ಸಂಕೋಚ, ನೀವೇ ಬನ್ನಿ.”

ಅಂಥದ್ದನ್ನು ನಾನು ಜನ್ಮದಲ್ಲಿ ಒಂದೇ ಸಲ ಕಂಡಿದ್ದೆ, ಅದೂ ಒಡೆದದ್ದು. ಓಡುತ್ತಿರುವುದನ್ನು ಬಿಡುವುದುಂಟೆ? ಜೇಬಿನಲ್ಲಿ ಮುನ್ನೂರು ಡಾಲರು ಇಟ್ಟುಕೊಂಡು ಹೊರಟಿದ್ದೆ.

ಟೊರೊಂಟೊದಲ್ಲಿ ಇಳಿದು, ಊರಿನ ಪಶ್ಚಿಮದ ಅಂಚಿನ ಎಟೋಬಿಕೋಕಿಗೆ ಮೂರೂಕಾಲು ಡಾಲರಿನ ಒಂದೇ ಟಿಕೆಟಿನಲ್ಲಿ ಸಬ್‌ವೇ, ಮುಂದೆ ಬಸ್ಸು, ಎರಡನ್ನೂ ಮುಗಿಸಿದೆ. ಹತ್ತುವಾಗಲೇ ಬದಲಿ ಚೀಟಿ ಕೇಳಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮತ್ತೊಮ್ಮೆ ತೆರಬೇಕು. ಸಬ್‌ವೇಯ ಕೊನೆಯ ನಿಲ್ದಾಣ ಕಿಪ್ಲಿಂಗಿನಿಂದ ಸರೋವರದ ಕಡೆ ಹೋಗುವ ಬಸ್ಸಿನ ಹಾದಿಯಲ್ಲಿ ಗಿಡ್ಡ ಗಿಡ್ಡ ಇಟ್ಟಿಗೆಯ ಬಂಗಲೆಗಳು. ಅಲ್ಲಲ್ಲಿ ಒಂದು ಮಾಯವಾಗಿ, ಆ ಜಾಗದಲ್ಲಿ ಅಕ್ಕಪಕ್ಕದವನ್ನು ನುಂಗುವಂಥ ಬೂದು ಮನೆ ಎದ್ದಿತ್ತು.

ರಾಯರು ಹೇಳಿದ್ದ ಶಾಂತಕ್ಕನವರಿಗೆ ಎಪ್ಪತ್ತೆಂಟು. ಬಸ್‌ಸ್ಟಾಪಿನ ಎದುರಿಗೇ ಅವರ ಮನೆ. ಬಾಗಿಲು ತೆರೆದವರೇ, “ಹುಬ್ಬಳ್ಳ್ಯಾಂವ ಅಂದ್ರ ನೀನ ಏನೋ ತಮ್ಮಾ? ಬೂಟು ಅಲ್ಲೇ ಬಿಡು, ಊರ ಹಿಮಾ ಎಲ್ಲಾ ಒಳಗ ತರಬ್ಯಾಡ. ಮೊದಲ ಚುರಮುರಿ ತಿನ್ನು, ಆಮ್ಯಾಲ ನಿನ್ನ ಡಬ್ಬಿ” ಎಂದರು.

ಚುರಮುರಿ ತಿನ್ನುತ್ತಲೇ ನನ್ನ ಕಣ್ಣು ಹಜಾರದ ಗೋಡೆಗೆ ಹೋಗಿತ್ತು. ಕಂಚಿನ ಬಣ್ಣದ ಉದ್ದನೆಯ ಡಬ್ಬಿ, ನಡುವೆ ಗಡಿಯಾರ, ಕೆಳಗೆ ಉಷ್ಣಮಾಪಕ. ವಾರಕ್ಕೊಮ್ಮೆ ಚಾವಿ ಕೊಟ್ಟರೆ ರಾತ್ರಿ ತಾನೇ ಬಿಸಿ ಇಳಿಸಿ, ಬೆಳಗಿನ ಜಾವ ತಾನೇ ಏರಿಸುವ ಯಂತ್ರ. ಟಿಕ್ ಟಿಕ್ ಎನ್ನುತ್ತಿತ್ತು. ಒಂದು ಕಲೆಯಿಲ್ಲ, ಗೀರಿಲ್ಲ.

“ನಮ್ಮ ಮನಿಯವ್ರು ಪೇಂಟ್ ಫ್ಯಾಕ್ಟರಿ ಪಗಾರದಾಗ ಉಳಿಸಿ ತಂದಿದ್ರು” ಎಂದರು ಶಾಂತಕ್ಕ. “ಆವಾಗ್ಲೇ ಸೆಕೆಂಡ್ ಹ್ಯಾಂಡ್. ರವಿವಾರ ಸ್ನಾನಾ ಆದ ಕೂಡ್ಲೇ ಚಾವಿ. ಅವರು ಹೋಗಿ ನಾಕು ವರ್ಷಾತು, ಈಗ ನಾನ ಕೊಡ್ತೀನಿ. ಬಂದವರ ಮುಂದೆಲ್ಲಾ ಅವರದು ಇದರದ್ದ ಪುರಾಣ. ಫರ್ನೇಸಿನ ಎಣ್ಣಿ ಉಳೀತು, ಗ್ಯಾಸ್ ಉಳೀತು, ಇಡೀ ಓಣ್ಯಾಗ ನಾನ ಶಾಣ್ಯಾ ಅಂತ! ನಾ ಹೋಗೋ ಕಾಂಡೋ ಫ್ಲ್ಯಾಟಿನಾಗ ಇದಕ್ಕ ಜಾಗಾ ಇಲ್ಲ. ಇದಕ್ಕೇನರ ಕಿಮ್ಮತ್ತು ಐತೇನೋ?”

ಎದೆ ಹಾರುವಾಗ ಮುಖ ಸಿಂಡರಿಸಬೇಕೆಂಬುದು ದುರ್ಗದಬೈಲಿನ ಮೊದಲ ಪಾಠ. ಕೊಳ್ಳುವವನು ಮಾಲನ್ನು ಹಳಿಯಬೇಕು, ಮಾರುವವನು ಹೊಗಳಬೇಕು. ಇಬ್ಬರದೂ ಸುಳ್ಳೆಂದು ಇಬ್ಬರಿಗೂ ಗೊತ್ತಿರಬೇಕು. ಕೊನೆಗೆ ಎದ್ದು ಹೊರಟರೆ ಹಿಂದಿನಿಂದ ಕರೆ ಬರುತ್ತದೆ. ಬಿಳಿಯ ಮುದುಕಿಯಾಗಿದ್ದರೆ ಕೇಳಿದ್ದನ್ನು ಕೊಟ್ಟು ಬರುತ್ತಿದ್ದೆ. ನಮ್ಮವರೇ ಅಲ್ಲವೇ ಎಂದು ಆಟಕ್ಕಿಳಿದೆ.

“ಕಿಮ್ಮತ್ತು ಎಲ್ಲೀದ್ರೀ ಅಕ್ಕಾರ, ಗುಜರಿ ಮಾಲು. ಒಳಗ ಪಾದರಸ ಐತಿ, ವಿಷ. ಮಂದಿ ರೊಕ್ಕಾ ಕೊಟ್ಟು ಒಗಸ್ತಾರ. ಎಣ್ಣಿ ಉಳಸ್ತಿತ್ತಂತ? ಆಟಿಗಿ ಸಾಮಾನ ಇದು. ನಿಮ್ಮ ಯಜಮಾನ್ರಿಗೆ ಅಂಗಡ್ಯಾಂವ ಛಲೋ ಟೊಪ್ಪಿಗಿ ಹಾಕ್ಯಾನ ಬಿಡ್ರಿ. ನಾ ಅಂತ ಇಪ್ಪತ್ತು ಡಾಲರ್ ಕೊಟ್ಟೇನು.”

ಶಾಂತಕ್ಕ ಹೊಗಳಲಿಲ್ಲ, ಜಗಳಕ್ಕೂ ಬರಲಿಲ್ಲ. “ವಿಷ ಅಂದ್ಯಾ?” ಎಂದಷ್ಟೇ ಕೇಳಿದರು.

“ವಿಷ ಅಲ್ದ ಏನ್ರೀ?” ಎಂದೆ. ಗಾಜು ಒಡೆಯದಿರುವ ತನಕ ಆ ಪಾದರಸ ಯಾರಿಗೂ ಏನೂ ಮಾಡುವುದಿಲ್ಲ. ಅದನ್ನು ಹೇಳಲಿಲ್ಲ. ಎದ್ದೆ. ನಾಳೆ ಮಧ್ಯಾಹ್ನ ಇದೇ ಕಡೆ ಹಾದುಹೋಗುತ್ತೇನೆ, ವಿಚಾರ ಮಾಡಿರಿ ಎಂದೆ. ಬೂಟಿನ ಲಾಡಿಯನ್ನು ಬೇಕೆಂದೇ ನಿಧಾನ ಕಟ್ಟಿದೆ. ಕರೆ ಬರಲಿಲ್ಲ. “ಮೆಟ್ಟಲಾ ಜಾರ್ತಾವು, ನೋಡಿ ಇಳಿ” ಎಂದು ಬಾಗಿಲು ಹಾಕಿಕೊಂಡರು.

ರಾತ್ರಿ ಒಬ್ಬ ಗೆಳೆಯನ ಬೇಸ್‌ಮೆಂಟಿನಲ್ಲಿ ಮಲಗಿ, ಶುಕ್ರವಾರ ಬೆಳಿಗ್ಗೆ ರೈಲಿನಲ್ಲಿ ಯೂನಿಯನ್‌ವಿಲ್ಲಿಗೆ ಹೋದೆ. ಮುಕ್ಕಾಲು ತಾಸಿನ ಹಾದಿ. ಅಲ್ಲಿಯ ಹಳೆಯ ಬೀದಿ ಚೆಂದ, ಅಂಗಡಿಗಳ ಬೆಲೆ ಚೆಂದವಿಲ್ಲ. ನೋಡಿ ಮುಂದೆ ನಡೆಯಿರಿ.

ರಾಯರ ಬೇಸ್‌ಮೆಂಟಿನ ಒಂದು ಗೋಡೆಯ ತುಂಬ ಥರ್ಮೋಸ್ಟಾಟುಗಳೇ. ಪ್ರತಿಯೊಂದಕ್ಕೂ ಒಂದು ಸಣ್ಣ ದೀಪ ಜೋಡಿಸಿದ್ದಾರೆ. ಕಿಟಕಿ ತೆರೆದು ಚಳಿ ಬಿಟ್ಟರೆ ಒಂದೊಂದಾಗಿ ದೀಪ ಹೊತ್ತಿಕೊಳ್ಳುತ್ತವೆ. ಸತ್ತ ಮನೆಗಳೆಲ್ಲ ಬಿಸಿ ಕೇಳುತ್ತಿರುವ ಹಾಗೆ. ಅವರಿಂದ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಬಿಚ್ಚುವ ಮೊದಲು ಕರೆಂಟು ತೆಗೆದು ತಂತಿಗಳ ಫೋಟೊ ತೆಗೆಯಿರಿ. ಕೊಳವೆಗೆ ಹತ್ತಿ ಸುತ್ತಿ, ಗೋಡೆಯಲ್ಲಿದ್ದಂತೆಯೇ ನೆಟ್ಟಗೆ ಒಯ್ಯಿರಿ. ಹಿತ್ತಾಳೆಯನ್ನು ಉಜ್ಜಿ ಹೊಳಪು ಬರಿಸಲು ಹೋಗಬೇಡಿ. ಹಳೆಯ ಬಣ್ಣ ಒಮ್ಮೆ ಹೋದರೆ ಹೋಯಿತು.

ಚಾವಿಯದೊಂದು ಎಂದಾದರೂ ಸಿಕ್ಕೀತೆಂದು ಗೋಡೆಯ ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ನಾನು ಹಿಂದಿನ ದಿನದ ಚೌಕಾಸಿಯನ್ನು ಹೆಮ್ಮೆಯಿಂದಲೇ ವರ್ಣಿಸಿದೆ.

“ಇಪ್ಪತ್ತಾ!” ಎಂದರು ರಾಯರು. “ಏನ್ರೀ ನೀವು, ಚೆನ್ನಾಗಿದೆ ಅಂತ ಒಂದು ಮಾತು ಅಂದಿದ್ರೆ ಹಾಗೇ ಕೊಟ್ಬಿಡ್ತಿದ್ರು. ಚಾವಿ ಕೊಡೋರು ಒಬ್ರು ಸಿಕ್ಕಿದ್ರೆ ಆಕೆಗೆ ಸಾಕಾಗಿತ್ತು.”

“ಒಂದು ರಾತ್ರಿ ಕಳದ್ರ ರೇಟು ತಾನ ಹಣ್ಣಾಗತೈತ್ರಿ ರಾಯರ.”

“ಹಣ್ಣಾಗಿ ಉದುರಿಹೋದ್ರೆ? ಕಾಫಿ ಆಮೇಲೆ ಕುಡೀರಿ, ಮೊದಲು ಹೊರಡಿ.”

ಒಂದು ಗಂಟೆಗೆ ಶಾಂತಕ್ಕನವರ ಮನೆ ಮುಟ್ಟಿದೆ. ಟಿಕ್ ಟಿಕ್ ಇಲ್ಲ. ಹಜಾರದ ಗೋಡೆಯಲ್ಲಿ ಬಿಳಿಯ ಪ್ಲಾಸ್ಟಿಕ್ ಡಬ್ಬಿ. ಅದರ ಸುತ್ತ, ಹಳೆಯದು ಮುಚ್ಚಿಕೊಂಡಿದ್ದಷ್ಟು ಜಾಗದಲ್ಲಿ, ಬಣ್ಣ ಇನ್ನೂ ಹೊಸದಾಗಿತ್ತು.

“ಛಲೋ ಆತು ನೋಡು ತಮ್ಮಾ, ನೀ ಹೇಳಿದ್ದು” ಎಂದರು. “ರಾತ್ರಿ ಕಣ್ಣ ಮುಚ್ಚಲಿಲ್ಲ. ವಿಷದ ಜೋಡಿ ಇನ್ನ ಎರಡ ತಿಂಗಳ ಯಾಕ ಮಲಗಬೇಕು? ಮುಂಜಾನೆ ಎಂಟಕ್ಕ ಫರ್ನೇಸಿನಾಂವನ್ನ ಕರಸಿದೆ. ಕಿತ್ತಗೊಂಡು ಹೋದಾ.” ಆಮೇಲೆ ನಕ್ಕರು. “ಇಷ್ಟ ವರ್ಷ ಅವರ್ನ ಭಾಳ ಶಾಣ್ಯಾ ಅಂತ ತಿಳಕೊಂಡಿದ್ದೆ. ಆಟಿಗಿ ಸಾಮಾನಿಗೆ ಚಾವಿ ಕೊಟಗೋತ ಕುಂತಿತ್ತು ಪಾಪ!”

ಆ ನಗು ನನಗೆ ಹೊಡೆದ ಹಾಗಾಯಿತು. ಆದರೂ ಆಗ ನನ್ನ ಬಾಯಿಂದ ಬಂದದ್ದು, “ಅವನ ಗೋಡೌನ್ ಎಲ್ಲೈತ್ರಿ?” ಎಂಬ ಮಾತೇ.

ಟೊರೊಂಟೊದ ಉತ್ತರಕ್ಕೆ ವಾನ್ ಎಂಬ ಊರಿನಲ್ಲಿತ್ತು. ಡಿಸೆಂಬರಿನಲ್ಲಷ್ಟೇ ಶುರುವಾದ ಹೊಸ ಸಬ್‌ವೇ ಅಲ್ಲಿಯವರೆಗೆ ಹೋಗುತ್ತದೆ, ಅದೇ ಟಿಕೆಟಿಗೆ. ಕೊನೆಯ ನಿಲ್ದಾಣದಿಂದ ಹದಿನೈದು ನಿಮಿಷ ಉಪ್ಪು ಚೆಲ್ಲಿದ ರಸ್ತೆಯಲ್ಲಿ ನಡೆದೆ. ಗೋಡೌನುಗಳ ನಡುವೆ ಗಾಳಿ ಕಿವಿ ಕೊಯ್ಯುತ್ತಿತ್ತು. ಒಳಗಿದ್ದವನು ಒಬ್ಬ ಪಂಜಾಬಿ ಸರ್ದಾರ. ಗಡಿಯಾರದ್ದು ಎಂದ ಕೂಡಲೇ ಇಲ್ಲವೆಂದು ತಲೆಯಾಡಿಸಿದ.

“ಭಾಯ್‌ಸಾಬ್, ಪಾದರಸದ ಮಾಲು ಬಂದ ಕೂಡಲೇ ಕೊಳವೆ ಕಿತ್ತು ಡ್ರಮ್ಮಿಗೆ ಹಾಕಿ ಮುಚ್ಚಬೇಕು, ಅದು ಕಾಯಿದೆ. ಉಳಿದ ಹಿತ್ತಾಳೆ ಹನ್ನೆರಡರ ಲಾರಿಗೆ ಹೋಯಿತು. ನೀವು ಬೆಳಿಗ್ಗೆ ಒಂದು ಫೋನು ಮಾಡಿದ್ದರೆ ಎತ್ತಿಡುತ್ತಿದ್ದೆ” ಎಂದು ಹಿಂದಿಯಲ್ಲಿ ಹೇಳಿದ. ನನ್ನ ಮುಖ ನೋಡಿ, ಇನ್ನೂ ಬಿಚ್ಚದ ನಾಲ್ಕೈದು ದುಂಡನೆಯ ಥರ್ಮೋಸ್ಟಾಟುಗಳನ್ನು ಮುಂದಿಟ್ಟು, ಚಹದ ದುಡ್ಡು ಕೊಡಿ ಸಾಕು ಎಂದ. ಬೇರೆ ದಿನವಾಗಿದ್ದರೆ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದೆ. ಮುಟ್ಟಲೂ ಮನಸ್ಸಾಗಲಿಲ್ಲ.

ರಾತ್ರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮತ್ತೆ ಎಟೋಬಿಕೋಕಿಗೆ ಹೋದೆ. ವಸ್ತು ಹೋಯಿತು, ಸರಿ. ಗಂಡನ ಬಗ್ಗೆ ಆ ಹೆಂಗಸು ನಕ್ಕದ್ದನ್ನಾದರೂ ವಾಪಸು ಮಾಡಿಸಬೇಕಿತ್ತು.

“ಅಕ್ಕಾರ, ನಿನ್ನೆ ನಾ ಸುಳ್ಳ ಹೇಳಿದ್ನಿ. ನಿಮ್ಮ ಯಜಮಾನ್ರು ತಂದದ್ದು ಲಾಖದಾಗ ಒಂದು ಮಾಲು. ಎಣ್ಣಿ ಖರೇನ ಉಳಿಸೇತಿ. ನಾ ಮುನ್ನೂರು ಡಾಲರ್ ಕಿಸೇದಾಗ ಇಟಗೊಂಡು ಬಂದಿದ್ನಿ, ನೋಡ್ರಿ” ಎಂದು ನೋಟುಗಳನ್ನು ತೆಗೆದು ತೋರಿಸಿದೆ.

ಶಾಂತಕ್ಕ ನೋಟುಗಳನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. “ಇಲ್ಲದ ಸಾಮಾನಿಗೆ ಯಾಕೋ ಬೆಲಿ ಕಟ್ತಿ? ನಾ ಬ್ಯಾಸರ ಮಾಡ್ಕೋತೀನಿ ಅಂತ ಹೇಳಾಕತ್ತಿ ಹೌದಿಲ್ಲೋ?”

“ಅಲ್ರೀ ಅಕ್ಕಾರ, ದೇವರಾಣಿ. ರೇಟು ಇಳಸಾಕ ಅಂದದ್ದು.”

“ಹುಚ್ಚಪ್ಪಾ. ಇಪ್ಪತ್ತು ಡಾಲರ್ ಸಾಮಾನಿಗೆ ಯಾರರ ಸುಳ್ಳ ಹೇಳ್ತಾರೇನು? ಅದೂ ನಮ್ಮ ಕಡಿಯಾಂವ, ಮನ್ಯಾಗ ಕುಂತು ಚುರಮುರಿ ತಿಂದಾಂವ? ನಿನ್ನೆ ಖರೇ ಹೇಳಿದಿ, ಇವತ್ತ ನಿನಗ ಕರುಣಾ ಬಂದೈತಿ. ರೊಕ್ಕಾ ಒಳಗ ಇಡು.”

ಮತ್ತೆ ಎರಡು ಸಲ ಹೇಳಿದೆ. ಹೇಳಿದಷ್ಟೂ ಅವರ ಮುಖದಲ್ಲಿ ನನ್ನ ಬಗ್ಗೆ ಮರುಕವೇ ಹೆಚ್ಚಿತು. ಒಗ್ಗರಣೆ ಅವಲಕ್ಕಿ ಮಾಡಿ ಮುಂದಿಟ್ಟರು. ಹೊರಡುವಾಗ ಗೋಡೆಯ ಹೊಸ ಡಬ್ಬಿಯ ಕಡೆ ಕೈ ಮಾಡಿ, “ನೀ ಫರ್ನೇಸಿನಾಂವ, ನೋಡಿ ಹೇಳು. ಕೂಡ್ಸಿದ್ದು ಎಲ್ಲಾ ಹಿಡದು ಎರಡನೂರು ತಗೊಂಡಾನ. ಛಲೋ ಐತಿಲ್ಲೋ?” ಎಂದರು.

ನೋಡಿದೆ. ಹಾರ್ಡ್‌ವೇರ್ ಅಂಗಡಿಯ ಅತಿ ಅಗ್ಗದ ಮಾಲು. ಸೊಟ್ಟಗೆ ಬೇರೆ ಕೂಡಿಸಿದ್ದ. ಎರಡು ತಿಂಗಳಿಗೆ ಕೆಡವುವ ಗೋಡೆಗೆ, ನನ್ನ ಒಂದು ಮಾತಿನಿಂದ ಬಂದದ್ದು.

“ಭಾಳ ಛಲೋ ಐತ್ರಿ ಅಕ್ಕಾರ” ಎಂದೆ.

“ಈಗ ನೋಡು, ಇದು ಖರೇ ಮಾತು” ಎಂದು ಶಾಂತಕ್ಕ ಹಗುರಾಗಿ ನಕ್ಕರು. “ನಿನ್ನಂಥಾಂವ ಹೇಳಿದ್ರ ಜೀವಕ್ಕ ಸಮಾಧಾನ.”

ಕಿಪ್ಲಿಂಗಿಗೆ ಹೋಗುವ ಬಸ್ಸು ಬಂತು. ಹತ್ತಿ ಕಿಟಕಿಯಿಂದ ಹಿಂದಿರುಗಿ ನೋಡಿದೆ. ಆ ಚಳಿಯಲ್ಲಿ ಬಾಗಿಲು ತೆರೆದುಕೊಂಡು ನಿಂತು, ಬಸ್ಸು ತಿರುಗುವ ತನಕ ಕೈ ಬೀಸುತ್ತಲೇ ಇದ್ದರು, ನನ್ನನ್ನು ಪೂರ್ತಿ ನಂಬಿದವರಂತೆ.